ಕಂಚಿನ ಬಳೆಯ ಬಿರುಕು

ಹೊಳೆಯ ದಡದಲ್ಲಿ ಕಾಳಾಚಾರ್ಯರ ಆಶ್ರಮ. ಅಲ್ಲಿ ಜಪಕ್ಕಿಂತ ಸುತ್ತಿಗೆಯ ಸದ್ದೇ ಜಾಸ್ತಿ.

ಹೊಳೆ ದಾಟಿಸುವ ದೋಣಿಯನ್ನು ದಡದಿಂದ ದಡಕ್ಕೆ ಕಟ್ಟಿದ ಅಡ್ಡಹಗ್ಗಕ್ಕೆ ಹಿಡಿದಿಡುವುದು ಒಂದು ಕಂಚಿನ ಬಳೆ. ತಾಮ್ರ, ತವರ ಬೆರೆಸಿ ಗುರುಗಳೇ ಎರಕ ಹೊಯ್ದದ್ದು. ಅದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತ್ತು. ಬೆಳೆಯುತ್ತದೋ ಇಲ್ಲವೋ ಅಳೆದು ಹೇಳು ಎಂದು ಶಿಷ್ಯ ಮೌನೇಶನಿಗೆ ವಹಿಸಿದ್ದರು.

ದಿನಾ ಬೆಳಿಗ್ಗೆ ಅವನು ಬಳೆಗೆ ಎಣ್ಣೆ ಸವರುವನು, ಒರೆಸುವನು, ಸುಣ್ಣದ ಪುಡಿ ಉದುರಿಸುವನು. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಏಳುವುದು. ಗೆರೆಯ ತುದಿಗೆ ಸೂಜಿಯಿಂದ ಒಂದು ಗುರುತು.

ಇಪ್ಪತ್ತೊಂದನೆಯ ದಿನ ಓಡೋಡಿ ಬಂದ. ಗೆರೆ ಎಳ್ಳಷ್ಟೂ ಸರಿದಿಲ್ಲವಂತೆ, ಬಳೆ ಗಟ್ಟಿಯಂತೆ, ಹೊಳೆಯೂ ಇಳಿದಿದೆಯಂತೆ, ನಾಳೆ ದೋಣಿ ಬಿಡಬಹುದಂತೆ. ಹಿಗ್ಗಿಗೆ ಕಾರಣವಿತ್ತು. ನಾಳೆಯ ಮೊದಲ ದೋಣಿಯಲ್ಲಿ ಅವನ ಅಕ್ಕ ಹಸುಗೂಸನ್ನು ಎತ್ತಿಕೊಂಡು ಬರುವವಳಿದ್ದಳು.

"ಇಷ್ಟು ದಿನ ದೋಣಿ ಎಲ್ಲಿತ್ತೋ?" ಗುರುಗಳು ಕೇಳಿದರು.

"ಹೊಳೆ ತುಂಬಿತ್ತಲ್ಲ ಗುರುಗಳೇ. ದಡದಲ್ಲೇ ಕಟ್ಟಿತ್ತು."

ಗುರುಗಳು ಎದ್ದರು. ಬಳೆಯನ್ನು ಒಯ್ದು, ಬಾವಿಯಿಂದ ನೀರೆತ್ತುವ ಕಪಿಲೆಯ ಹಗ್ಗದ ನಡುವೆ ಬಿಗಿದರು. ಎತ್ತು ಹೂಡಿ ನೀರೆತ್ತು, ಇಪ್ಪತ್ತು ಸಲಕ್ಕೊಮ್ಮೆ ಅಳೆ ಎಂದು ಹೇಳಿ ಕುಲುಮೆಗೆ ಹೋದರು.

ನಲವತ್ತು ಸಲ ಆಯಿತು. ಗೆರೆ ಮಿಸುಕಲಿಲ್ಲ. ನಾನು ಹೇಳಲಿಲ್ಲವೇ ಎಂದು ಮೌನೇಶ ಎತ್ತುಗಳನ್ನು ಕೇಳಿದ. ಪಾಪ, ಅವೇನು ಹೇಳಿಯಾವು!

ಅರವತ್ತಕ್ಕೆ ಒಂದು ಎಳ್ಳಿನಷ್ಟು ಸರಿಯಿತು. ಎಂಬತ್ತಕ್ಕೆ ಇನ್ನೆರಡು ಎಳ್ಳು. ನೂರಕ್ಕೆ ಒಂದು ಭತ್ತದ ಕಾಳು. ಅಬ್ಬಬ್ಬಾ, ಕಂಚು ಕಣ್ಣೆದುರೇ ಗುಟ್ಟು ಬಿಟ್ಟುಕೊಡುತ್ತಿದೆ! ಅವನಿಗೆ ಮೈಯೆಲ್ಲ ಪುಳಕ. ಊಟಕ್ಕೆ ಕರೆದರೂ ಏಳಲಿಲ್ಲ.

"ಗುರುಗಳೇ, ಇನ್ನು ನಲವತ್ತು ಸಲಕ್ಕೆ ಮುರಿಯುತ್ತೆ, ನೋಡ್ತಾ ಇರಿ," ಎಂದು ಕುಲುಮೆಯ ಕಡೆಗೆ ಕೂಗಿದ.

ಅಲ್ಲಿಂದ ಮೂವತ್ತೆಂಟಕ್ಕೆ ಮುರಿಯಿತು. ನೀರು ತುಂಬಿದ ಚರ್ಮದ ಚೀಲ ಧೊಪ್ಪೆಂದು ಬಾವಿಗೆ ಬಿತ್ತು. ಲೆಕ್ಕ ಸರಿಹೋಯಿತಲ್ಲ ಎಂದು ಮೌನೇಶ ಕುಣಿದೇಬಿಟ್ಟ.

ಆಮೇಲೆ ಅಕ್ಕನ ನೆನಪಾಯಿತು. ಕೂಸಿನ ನೆನಪಾಯಿತು. ಬಾವಿಕಟ್ಟೆಯ ಮೇಲೆ ಕುಸಿದು ಕುಳಿತ. ದಡದಲ್ಲಿ ಕಟ್ಟಿದ್ದ ದೋಣಿ ಇಷ್ಟು ದಿನ ಬಳೆಯನ್ನು ಒಮ್ಮೆಯೂ ಎಳೆದಿರಲಿಲ್ಲ.

ಅಷ್ಟರಲ್ಲಿ ಗುರುಗಳು ಕುಲುಮೆಯಿಂದ ಹೊಸ ಬಳೆಯೊಂದನ್ನು ತಂದು ಅವನ ಪಕ್ಕದಲ್ಲಿಟ್ಟರು. ಅದಿನ್ನೂ ಬೆಚ್ಚಗಿತ್ತು.

ಮೌನೇಶ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಎಷ್ಟು ದಿನ ಬಾಳುತ್ತೆ, ಗುರುಗಳೇ?"

"ನನ್ನನ್ನು ಯಾಕೆ ಕೇಳ್ತೀಯೋ? ಹೋಗಿ ಅಂಬಿಗನನ್ನು ಕೇಳು, ದಿನಕ್ಕೆ ಎಷ್ಟು ಸಲ ಹೊಳೆ ದಾಟ್ತೀಯ ಅಂತ."