ದೂರಿಲ್ಲದ ಹಲಗೆ

"ಗುರುಗಳೇ, ಸದಾ ದೂರು ಹೇಳುವವರ ಬಾಯಿ ಮುಚ್ಚಿಸುವುದು ಹೇಗೆ?"

ಕೇಳಿದವನು ಸೋಮಲಿಂಗ, ಮಠದ ಅತಿಥಿಗೃಹ ನೋಡಿಕೊಳ್ಳುವ ಶಿಷ್ಯ. ಅತಿಥಿಗೃಹದ ಕೊನೆಯ ಕೋಣೆಯಲ್ಲಿ ಕೆಂಚಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರ್ ವಾಸವಾಗಿದ್ದ. ನಲ್ಲಿ ಸೋರುತ್ತದೆ ಎಂದ, ಸರಿಮಾಡಿಸಿದ್ದಾಯಿತು. ಕಿಟಕಿ ಕಿರುಗುಟ್ಟುತ್ತದೆ ಎಂದ, ಎಣ್ಣೆ ಬಿಟ್ಟಿದ್ದಾಯಿತು. ಈಗ ಫ್ಯಾನು ಅತಿ ಜೋರಾಗಿ ತಿರುಗುತ್ತದಂತೆ.

"ಆ ಮನುಷ್ಯನಿಗೆ ತೃಪ್ತಿ ಅನ್ನೋದೇ ಇಲ್ಲ. ನನ್ನ ತಲೆ ತಿಂದುಬಿಟ್ಟಿದ್ದಾನೆ."

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಅವನ ಕಡೆ ತಳ್ಳಿದರು.

"ಕೂತ್ಕೋ, ನೀನೂ ಸುಲಿ. ಇಲ್ಲಿಗೆ ಬಂದ ದಿನದಿಂದ ದಿನಾ ಒಂದೊಂದು ಪ್ರಶ್ನೆ ಹೊತ್ಕೊಂಡು ಬರ್ತೀಯ. ಕೆಂಚಪ್ಪನ ತಮ್ಮನೇ ಸರಿ ನೀನು."

"ನೀವು ಒಂದಕ್ಕೂ ಪೂರ್ತಿ ಉತ್ತರ ಕೊಡಲ್ಲವಲ್ಲ!"

"ಆಯ್ತಪ್ಪ, ಕೋಪ ಮಾಡ್ಕೋಬೇಡ. ಕತೆಯನ್ನಾದರೂ ಪೂರ್ತಿ ಹೇಳ್ತೀನಿ, ಕೇಳು."

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಟ್ಯಾಬ್ಲೆಟ್ ತಯಾರಿಸುವವನು ಒಬ್ಬನಿದ್ದ. ನುಂಗುವ ಮಾತ್ರೆಯಲ್ಲ, ಬೆರಳಿನಿಂದ ತೀಡುತ್ತಾರಲ್ಲ, ಆ ಗಾಜಿನ ಹಲಗೆ. ಅವನು ಮಾಡಿದ ಮೊದಲ ಹಲಗೆ ಬಲು ದಪ್ಪ. ಅದನ್ನು ಅಂಗಡಿಗೆ ಕಳಿಸುವ ಮೊದಲು ಯಾರಾದರೂ ಬಳಸಿ ನೋಡಬೇಕಿತ್ತು.

ಅದೇ ಊರಿನಲ್ಲಿ ನೂಲಿನ ಅಂಗಡಿಯ ಮಹಡಿಯ ಮೇಲೆ ಒಬ್ಬ ಹೆಂಗಸು ಇದ್ದಳು. ಸೀರೆಯ ಅಂಚಿಗೂ ಸೆರಗಿಗೂ ನಕ್ಷೆ ಬರೆಯುವುದು ಅವಳ ಕಸುಬು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ನೇಕಾರರು ಬಾಗಿಲಲ್ಲೇ ನಿಂತು ನಕ್ಷೆ ಇಸಿದುಕೊಂಡು ಹೋಗಿಬಿಡುತ್ತಿದ್ದರು. ಅವರಿಗೂ ಪುರುಸೊತ್ತಿಲ್ಲ, ಪಾಪ.

ಹಲಗೆಯವನು ಅವಳಿಗೆ ಹಲಗೆ ಕೊಟ್ಟು ಹೇಳಿದ, "ನೀವು ದಿನವಿಡೀ ಗೆರೆ ಎಳೆಯುವವರು. ಇದರಲ್ಲಿ ಏನೇ ಕುಂದು ಕಂಡರೂ ಹೇಳಿಕಳಿಸಿ. ಬೇರೆಯವರನ್ನು ಕಳಿಸುವುದಿಲ್ಲ, ನಾನೇ ಬರುತ್ತೇನೆ."

ಕೆಲವು ದಿನಗಳಲ್ಲೇ ಅವಳು ಹೇಳಿಕಳಿಸಿದಳು: ಹಲಗೆ ಭಾರ, ತೊಡೆ ನೋಯುತ್ತದೆ.

ಅದು ನಿಜವಾದ ದೂರೇ. ಅವನು ಬಂದ. ಹಲಗೆಯನ್ನು ತಿರುಗಿಸಿ ನೋಡಿದ. ಅವಳು ಕಾಫಿ ಕೊಟ್ಟಳು. ಗೋಪುರದ ಅಂಚಿಗೂ ರುದ್ರಾಕ್ಷಿ ಅಂಚಿಗೂ ಏನು ವ್ಯತ್ಯಾಸ ಎಂದು ಅವನು ಕೇಳಿದ. ಅಷ್ಟು ಸಾಕಾಯಿತು ನೋಡು. ಅವಳು ಮಾತಾಡಿದಳು, ಮಾತಾಡಿದಳು, ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಗುವಷ್ಟು ಮಾತಾಡಿದಳು. ಅವನು ಹೋದ ಮೇಲೆ ಎರಡು ಲೋಟ ತೊಳೆದಳು. ಆ ಮನೆಯಲ್ಲಿ ಎರಡನೆಯ ಲೋಟ ತೊಳೆದು ಬಹಳ ಕಾಲವಾಗಿತ್ತು.

ಎರಡನೆಯ ಹಲಗೆ ಹಗುರವಾಗಿ, ತೆಳ್ಳಗೆ ಬಂತು. ಊರವರು ಮುಗಿಬಿದ್ದು ಕೊಂಡರು. ಅವಳು ಅದರಲ್ಲಿ ಕುಂದು ಹುಡುಕಿದಳು. ಸಿಗಲಿಲ್ಲ. ಸುಮ್ಮನೆ ಬನ್ನಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಮ್ಮಲ್ಲಿ ಯಾರಿಗೆ ಬರುತ್ತದೆ ಹೇಳು? ಬಾಗಿಲು ತಟ್ಟಲೂ ನೆಪ ಬೇಕು, ತೆರೆಯಲೂ ನೆಪ ಬೇಕು. ಸಕ್ಕರೆ ಇದ್ದರೂ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವ ಜನ ನಾವು. ಕೊನೆಗೆ ಅವಳು ಹಲಗೆಯನ್ನು ಬಿಸಿಲಿಗಿಟ್ಟು, ಬಿಸಿಯಾಗುತ್ತಿದೆ ಎಂದು ಹೇಳಿಕಳಿಸಿದಳು.

ನಗಬೇಡ ಸೋಮಲಿಂಗ. ಸುಲಿ, ಸುಲಿ.

ಅವನು ಬಂದ. ಮತ್ತೆ ಕಾಫಿಯಾಯಿತು. ಅವಳು ಅಂಚಿಗೆ ಬರೆಯುತ್ತಿದ್ದ ಹಂಸಗಳ ಸಾಲು ಮುಗಿಯುವವರೆಗೆ ಕೂತ. ಮೂರನೆಯ ಹಲಗೆ ಎಂಥ ಬಿಸಿಲಿಗೂ ತಣ್ಣಗಿತ್ತು. ಆಗ ಅವಳು, ಹಲಗೆಯ ಮೇಲೆ ಬರೆಯುವ ಕಡ್ಡಿಯ ತುದಿಗಿಂತ ಗೆರೆ ಹಿಂದೆ ಬೀಳುತ್ತದೆ ಎಂದಳು. ಮುಂದಿನದರಲ್ಲಿ ಗೆರೆ ತುದಿಗೇ ಅಂಟಿಕೊಂಡು ಬಂತು. ಚಾರ್ಜು ನಿಲ್ಲುವುದಿಲ್ಲ ಎಂದಳು. ಅದರ ಮುಂದಿನದು ಬೆಳಗಿನಿಂದ ಸಂಜೆಯವರೆಗೆ ಉರಿಯಿತು. ಊರವರೆಲ್ಲ, "ಎಲಾ ಇವನ, ನಮ್ಮ ಮನಸ್ಸಿನಲ್ಲಿರೋದು ಇವನಿಗೆ ಹೇಗಪ್ಪ ಗೊತ್ತಾಗುತ್ತೆ!" ಎಂದು ಬೆರಗಾದರು. ಹಲಗೆಯವನು ದೊಡ್ಡ ಮನುಷ್ಯನಾದ. ಕೈಕೆಳಗೆ ನೂರಾರು ಜನ ಬಂದರು. ಆದರೂ ಪ್ರತಿ ಹೊಸ ಹಲಗೆಯನ್ನು ತಾನೇ ಹಿಡಿದು ಆ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ಕೊಟ್ಟ ಮಾತು ಅಲ್ಲವೇ, ಎಂದು ಎಲ್ಲರಿಗೂ ಹೇಳುತ್ತಿದ್ದ.

ಬರುಬರುತ್ತ ಅವಳಿಗೆ ದೂರುಗಳೇ ಸಿಗದಾದವು. ಮೂಲೆ ಅಂಗೈಗೆ ಚುಚ್ಚುತ್ತದೆ ಎಂದಳು. ಅವನು ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿಕೊಂಡು ಬಂದ. ಊರವರು ಅದನ್ನೂ ಹೊಗಳಿದರು.

ಆಗ ಹಲಗೆಯವನಿಗೆ ಒಂದು ಯೋಚನೆ ಹೊಳೆಯಿತು. ಪಾಪ, ಆಯಮ್ಮ ಪ್ರತಿ ಸಲ ನನಗಾಗಿ ಕಾಯಬೇಕು. ಹಲಗೆಯೇ ದೂರು ಕೇಳಿಸಿಕೊಂಡು, ಹಲಗೆಯೇ ತಿದ್ದಿಕೊಂಡರೆ? ಬುದ್ಧಿವಂತರು ತಪ್ಪು ಮಾಡುವುದು ಹೀಗೇ ಕಣಯ್ಯ, ಒಳ್ಳೆಯ ಮನಸ್ಸಿನಿಂದ ಮಾಡುತ್ತಾರೆ. ಅವನು ಹಗಲಿರುಳು ದುಡಿದು ಅಂಥ ಹಲಗೆ ಮಾಡಿದ. ಖುಷಿಯಿಂದ ಮೆಟ್ಟಿಲು ಹತ್ತಿ ಅವಳ ಕೈಗಿಟ್ಟ.

"ಏನೇ ಆದರೂ ಇದಕ್ಕೇ ಹೇಳಿ, ತಕ್ಷಣ ಸರಿಹೋಗುತ್ತೆ. ಇನ್ನು ಮೇಲೆ ನಿಮಗೆ ನನ್ನ ಕಾಟ ಇಲ್ಲ."

"ಒಳ್ಳೇದಾಯ್ತು ಬಿಡಿ," ಎಂದಳು ಅವಳು.

ಅವತ್ತು ಅವನು ಕೇಳದೆಯೇ ಇನ್ನೊಂದು ಲೋಟ ಕಾಫಿ ತಂದಳು. ಅವನಿಗೆ ಗಡಿಬಿಡಿ. ನಿಂತೇ ಕುಡಿದು ಹೊರಟುಹೋದ. ಅವಳಿಗೆ ಅಳು ಬಂತು. ಅತ್ತಳು.

ಆಮೇಲೆ ಅವಳು ಹಲಗೆಯ ಹತ್ತಿರವೇ ದೂರು ಹೇಳಿದಳು. ಮಂಕಾಗಿದೆ ಎಂದಳು, ಬೆಳಕಾಯಿತು. ಕಣ್ಣು ಕುಕ್ಕುತ್ತದೆ ಎಂದಳು, ಮಂದವಾಯಿತು. ಒಂದು ಸಂಜೆ ಎದುರಿಗೆ ಲೋಟ ಇಟ್ಟುಕೊಂಡು ಕೂತು, "ಕಾಫಿ ಆರಿಹೋಗ್ತಾ ಇದೆ," ಎಂದಳು. "ಈ ತೊಂದರೆ ನನಗೆ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ," ಎಂದಿತು ಹಲಗೆ. ಅವಳು ಇನ್ನೊಮ್ಮೆ ಹೇಳಲಿಲ್ಲ.

ಅತ್ತ ಹಲಗೆಯವನಿಗೆ ಅವಳಿಂದ ದೂರೇ ಬರಲಿಲ್ಲ. ಕೊನೆಗೂ ಗೆದ್ದೆ ಎಂದುಕೊಂಡ. ಆದರೆ ಮುಂದಿನ ಹಲಗೆಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೈಕೆಳಗಿನವರನ್ನು ಕೇಳಿದ. "ಇನ್ನೂ ತೆಳ್ಳಗೆ ಮಾಡೋಣ ಸ್ವಾಮಿ," ಎಂದರು. ಹಾಗೇ ಮಾಡಿದ. ಅದನ್ನು ಕೈಯಲ್ಲಿ ಹಿಡಿದರೂ ಅವನಿಗೆ ಸಂತೋಷವೇ ಆಗಲಿಲ್ಲ. ಒಂದು ದಿನ, ಯಾರೂ ಕರೆಯದಿದ್ದರೂ, ಹೊಸ ಹಲಗೆ ಹಿಡಿದು ಮಹಡಿ ಹತ್ತಿದ.

ಅವಳು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಪಕ್ಕದಲ್ಲಿ ಒಂದು ಟ್ರಂಕು, ಒಂದು ಸುರುಳಿ ಚೌಕುಳಿ ಕಾಗದ.

"ಎಲ್ಲಿಗೆ ಹೊರಟಿರಿ?"

"ಪಕ್ಕದೂರಿನ ಮಗ್ಗದ ಮನೆಗೆ. ಅಲ್ಲೇ ಕೂತು ನಕ್ಷೆ ಬರೀತೀನಿ. ಅವರದು ಇನ್ನೂ ಕಾಗದವೇ."

"ಅಲ್ಲಿ ಬೆಳಕಿಲ್ಲ. ಮಗ್ಗದ ಸದ್ದಿಗೆ ಕಿವಿ ಹಾರಿಹೋಗುತ್ತೆ."

"ಹೌದು. ಹೆಂಗಸರು ದಿನಾ ಜಗಳವಾಡ್ತಾರೆ," ಎಂದಳು. ಹೇಳುವಾಗ ಅವಳ ಮುಖ ಅರಳಿತ್ತು.

"ಆ ಹಲಗೆಯಲ್ಲಿ ಏನು ತೊಂದರೆಯಾಯಿತು?"

"ಏನೂ ತೊಂದರೆ ಇಲ್ಲ. ಅದೇ ತೊಂದರೆ." ಅವಳು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆ ಮೂಲೆ ಯಾವತ್ತೂ ಚುಚ್ಚಿರಲಿಲ್ಲ, ಅಣ್ಣ. ತಪ್ಪು ತಿಳೀಬೇಡಿ."

ಅವಳು ಇಳಿದು ಹೋದಳು. ಅವನು ಮೆಟ್ಟಿಲ ಮೇಲೆ ಕೂತ. ಒಂದು ದೂರು ಕೇಳಿಕೊಂಡು ಬರಲು ಕೈಕೆಳಗಿನ ಯಾರಾದರೂ ಸಾಕಿತ್ತು. ಆದರೂ ತಾನೇ ಏಕೆ ಬರುತ್ತಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು. ಅವನ ದೊಡ್ಡ ಮನೆಯಲ್ಲಿಯೂ ಅವನಿಗೆ ಕಾಫಿ ಕೊಟ್ಟು ಎದುರು ಕೂರುವವರು ಯಾರೂ ಇರಲಿಲ್ಲ. ಕೈಯಲ್ಲಿ ಹೊಸ ಹಲಗೆ ಇತ್ತು. ಅದರಲ್ಲಿ ಏನು ಕುಂದಿದೆ ಎಂದು ಕೇಳಲು ಅವನಿಗೆ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಕಾಯಿ ಮುಗಿದಿತ್ತು.

ಸೋಮಲಿಂಗ ಸಿಪ್ಪೆಗಳನ್ನು ಒಟ್ಟುಗೂಡಿಸಿದ. ಅವನ ಸಿಟ್ಟು ಇಳಿದಿತ್ತು.

"ಹಾಗಾದರೆ ಕೆಂಚಪ್ಪನವರ ಫ್ಯಾನು ಸರಿಮಾಡಿಸಬಾರದೇ?"

"ಮಾಡಿಸು, ಪಾಪ, ಚಳಿಯಾಗುತ್ತೇನೋ. ಮಾಡಿಸಿದ ತಕ್ಷಣ ಎದ್ದು ಬರಬೇಡ, ಅಷ್ಟೇ."

ಸೋಮಲಿಂಗ ಎದ್ದು ಕೈ ಕೊಡವಿಕೊಂಡ. ಬಾಗಿಲವರೆಗೆ ಹೋದವನು ಏನೋ ನೆನಪಾಗಿ ತಿರುಗಿ ನಿಂತ.

"ಗುರುಗಳೇ, ನಾನು ಇಲ್ಲಿಗೆ ಬಂದ ಮೊದಲ ದಿನ ಒಂದು ಪ್ರಶ್ನೆ ಕೇಳಿದ್ದೆ. ನಾಳೆ ಹೇಳ್ತೀನಿ ಅಂದಿರಿ. ಅದರ ಉತ್ತರ ನಿಮಗೆ ಗೊತ್ತಿದೆ ಅಂತ ನನಗೂ ಗೊತ್ತು. ಇಷ್ಟು ವರ್ಷವಾದರೂ ಯಾಕೆ ಕೊಟ್ಟಿಲ್ಲ?"

ಗುರುಗಳು ಖಾಲಿ ಮೊರವನ್ನು ಗೋಡೆಗೆ ಒರಗಿಸಿದರು.

"ಕೊಟ್ಟುಬಿಟ್ಟರೆ ನಾಳೆ ನೀನು ಯಾಕೆ ಬರ್ತೀಯೋ?"