ಎಳೆದ ಕೂಗು

ಕೋಳಿಯ ಕಾವಿನಲ್ಲಿ ಹುಟ್ಟಿದ ಬಾತುಮರಿಯೊಂದಕ್ಕೆ ಕೋಳಿಗಳ ಭಾಷೆ ಬರುತ್ತಿರಲಿಲ್ಲ. ಹುಂಜ ಮೇಷ್ಟ್ರು ಅದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಸೂತ್ರ ಉರು ಹೊಡೆಸಿದರು: "ಕಡಿದು ಕಡಿದು ಕೂಗಿದರೆ ಕಾಳು, ಎಳೆದು ಕೂಗಿದರೆ ಹದ್ದು." ಎಂಟೇ ದಿನಕ್ಕೆ ಮರಿ ಅದನ್ನು ಒಂದಕ್ಷರ ತಪ್ಪದೆ ಒಪ್ಪಿಸತೊಡಗಿತು. ಸೂತ್ರ ಹೇಳಲು ತಡವರಿಸುವ ಕೋಳಿಮರಿಗಳನ್ನು ಕಂಡರೆ ಅದಕ್ಕೆ ಒಳಗೊಳಗೇ ನಗು.

ಒಂದು ಬೆಳಿಗ್ಗೆ ಪಾಠದ ನಡುವೆ ತಾಯಿಕೋಳಿ ತಿಪ್ಪೆಯ ಮೇಲಿಂದ ಎಳೆದು ಕೂಗಿತು. ಕೋಳಿಮರಿಗಳೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿ ಹುಲ್ಲಿನ ಮೆದೆಯ ಸಂದಿಗೆ ನುಗ್ಗಿದವು. ಬಾತುಮರಿ ಮಾತ್ರ ಕತ್ತೆತ್ತಿ ನಿಂತು, "ಎಳೆದ ಕೂಗು, ಮೇಷ್ಟ್ರೇ! ಎಳೆದು ಕೂಗಿದರೆ ಹದ್ದು!" ಎಂದಿತು.

ಶಭಾಷ್ ಎನ್ನಲು ಮೇಷ್ಟ್ರು ಅಲ್ಲಿರಲಿಲ್ಲ. ಅವರು ಆಗಲೇ ಸೌದೆ ರಾಶಿಯ ಹಿಂದೆ ಅಡಗಿದ್ದರು.

ಅಂಗಳದ ಮೇಲೆ ನೆರಳು ಬಿತ್ತು. ತಾಯಿಕೋಳಿ ಹಾರಿ ಬಂದು ಮರಿಯನ್ನು ಕೆಡವಿ ಮೇಲೆ ಕವಿದುಕೊಂಡಿತು. ಹದ್ದಿನ ಉಗುರಿಗೆ ಅದರ ಬೆನ್ನಿನ ಗರಿಗಳಷ್ಟೇ ಸಿಕ್ಕವು.

ರೆಕ್ಕೆಯಡಿಯ ಕತ್ತಲಲ್ಲಿ ಮರಿ ಗಡಗಡ ನಡುಗುತ್ತಿತ್ತು. ತಾಯಿ ಮೆಲ್ಲಗೆ ಅದೇ ಕೂಗನ್ನು ಎಳೆದು, "ಇದೇನು ಹೇಳು, ಮಗಾ?" ಎಂದು ಕೇಳಿತು.

ಮರಿ ತಾಯಿಯ ಎದೆಗೆ ಇನ್ನಷ್ಟು ಒತ್ತಿಕೊಂಡಿತು.

"ಈಗ ಬಂತು ನೋಡು ನಿನಗೆ ನಮ್ಮ ಭಾಷೆ," ಎಂದಿತು ತಾಯಿ.