ಕೊಳವೆಗಳ ನಡುವಿನ ಸಾಬೂನು

"ಗುರುಗಳೇ, ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ನಾನು ಓಡಾಡಿ ಒಂದು ಮಾಡಿದೆ. ಮೊನ್ನೆ ಇಬ್ಬರೂ ಸೇರಿ ಹಬ್ಬ ಮಾಡಿದರು, ನನ್ನನ್ನು ಕರೆಯಲೇ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರೋ ಎಂಬಂತಾಯಿತು. ಇನ್ನು ಇಂಥ ಕೆಲಸಕ್ಕೆ ನಾನೇಕೆ ಹೋಗಲಿ?" ಎಂದು ಶಿಷ್ಯ ಶಾಂತವೀರ ಕೇಳಿದ. ಅವನಿಗೆ ನಿಜವಾಗಿ ನೋವಾಗಿತ್ತು.

ಗುರುಗಳು ದೀಕ್ಷೆಗೆ ಮುಂಚೆ ಪ್ರಯೋಗಶಾಲೆಯಲ್ಲಿ ದುಡಿದವರು. "ಕೂತುಕೋ. ಮುಖ ಗಂಟಿಕ್ಕಿಕೊಂಡರೆ ಕತೆ ಒಳಗೆ ಇಳಿಯುವುದಿಲ್ಲ" ಎಂದು ಹೇಳತೊಡಗಿದರು.

ಒಬ್ಬಳು ವಿಜ್ಞಾನಿ ಇದ್ದಳು. ಕಾರ್ಬನ್ ನ್ಯಾನೋಟ್ಯೂಬ್‌ಗಳಿಂದ ಹಾಳೆ ಮಾಡುವುದು ಅವಳ ಕೆಲಸ. ಅವು ಇಂಗಾಲದ ಕೊಳವೆಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದೂ ಉಕ್ಕಿಗಿಂತ ಗಟ್ಟಿ. ವಿದ್ಯುತ್ತನ್ನೂ ಚೆನ್ನಾಗಿ ಹರಿಸುತ್ತದೆ. ಆದರೆ ನೀರಿಗೆ ಹಾಕಿದೊಡನೆ ಎಲ್ಲವೂ ಮುದ್ದೆಗಟ್ಟುತ್ತಿದ್ದವು. ಮುದ್ದೆಯನ್ನು ಸೋಸಿದರೆ ಹಾಳೆಯಾಗುವುದಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಅವಳು ನೀರಿಗೆ ಒಂದು ಬಗೆಯ ಸಾಬೂನು ಬೆರೆಸಿದಳು. ಅದು ಕೊಳವೆಗಳ ನಡುವೆ ಹೊಕ್ಕು ಅವನ್ನು ಬಿಡಿಸಿತು. ಸೋಸಿದಳು. ಕಪ್ಪನೆಯ ಹಾಳೆ ಬಂತು. ಅವಳ ಸಂತೋಷಕ್ಕೆ ಪಾರವಿರಲಿಲ್ಲ.

ಆದರೆ ಹಾಳೆ ಸ್ವಲ್ಪ ಎಳೆದರೆ ಹರಿಯುತ್ತಿತ್ತು. ಅದರಲ್ಲಿ ವಿದ್ಯುತ್ತು ತೆವಳುತ್ತಿತ್ತು. ಮಾಡಿದ ಹಾಳೆಗಳೆಲ್ಲ ಹೀಗೆ ಹರಿದುಹೋಗಿ ಒಂದೇ ಒಂದು ಉಳಿಯಿತು. ಮತ್ತೆ ಮಾಡಲು ಕೊಳವೆಗಳೂ ಇರಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ಬಂದು ನೋಡಿದರು. "ಸಾಬೂನು ಇನ್ನೂ ಒಳಗೇ ಕೂತಿದೆಯಲ್ಲಮ್ಮ. ತೊಳೆದುಬಿಡು."

"ಅಯ್ಯೋ ಸಾರ್, ಇಷ್ಟಾದರೂ ಆಗಿದ್ದು ಅದರಿಂದಲೇ. ಅದು ಹೋದರೆ ಇವು ಮತ್ತೆ ಮುದ್ದೆ ಆಗ್ತವೆ!"

"ನೀರಲ್ಲಿ ತೇಲ್ತಿದ್ದಾಗ ಆಗ್ತಿದ್ದವು. ಈಗ ಹಾಸಿಕೊಂಡು ಮಲಗಿವೆ, ಎಲ್ಲಿಗೆ ಓಡ್ತವೆ?"

ಅವಳು ಹೆದರುತ್ತಲೇ ಬಿಸಿನೀರಿನಲ್ಲಿ ತೊಳೆದಳು, ಆಮೇಲೆ ಸ್ಪಿರಿಟ್‌ನಲ್ಲಿ. ನೊರೆ ನಿಲ್ಲುವವರೆಗೂ ತೊಳೆದಳು. ಒಣಗಿದಾಗ ಹಾಳೆ ಮೊದಲಿಗಿಂತ ತೆಳ್ಳಗಾಗಿತ್ತು. ಎಲ್ಲ ಮುಗಿಯಿತು ಅಂದುಕೊಂಡಳು. ಅಳೆದು ನೋಡಿದರೆ ವಿದ್ಯುತ್ತು ತಡೆಯಿಲ್ಲದೆ ಹರಿಯಿತು. ಮೊದಲಿನ ಹಾಳೆಗಳು ಹರಿದುಹೋದಷ್ಟೇ ಬಲ ಹಾಕಿ ಎಳೆದಳು; ಹಾಳೆ ಹರಿಯಲಿಲ್ಲ. ಅದರ ಎರಡರಷ್ಟು ಎಳೆದಳು; ಆಗಲೂ ಹರಿಯಲಿಲ್ಲ. ಕೊಳವೆಗೆ ಕೊಳವೆ ನೇರವಾಗಿ ತಾಗಿತ್ತು, ಅಷ್ಟೆ. ಅವಳು ಅಲ್ಲೇ ಕೂತು ಅತ್ತುಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಮೋರಿಗೆ ಹೋಗುವ ಸಾಬೂನೇ ಗುರುಗಳೇ?" ಎಂದ ಶಾಂತವೀರ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಅವರು ಮಾತಾಡಲು ಈಗಲೂ ನೀನು ನಡುವೆ ಬೇಕಾಗಿದ್ದರೆ, ನೀನು ಒಂದು ಮಾಡಿದ್ದು ಯಾರನ್ನಪ್ಪಾ?"